ಸೋದರಮಾವನ ಮಗಳು: ಒಂದು ಹಳೆಯ ನಂಟಿನ ಹಿಂದುಮುಂದು

ಕಳೆದ ನಾಡಹಬ್ಬ ಮುಗಿದ ಮರುದಿನ ಹಾಸನ ಜಿಲ್ಲೆಯ ನಮ್ಮ ಊರಿನಿಂದ ಅಕ್ಕನ ಫೋನು ಬಂತು. ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲ ಆದ ಮೇಲೆ ಅಕ್ಕ ನಿಧಾನವಾಗಿ ವಿಷಯಕ್ಕೆ ಬಂದರು: "ನೋಡೋ, ನಿನ್ನ ಮಗಳ ಓದು ಮುಗೀತಲ್ಲ. ಇನ್ನು ಜಾತಕ ಹಿಡ್ಕೊಂಡು ಊರೂರು ಅಲೆಯೋದು ಯಾಕೆ? ನಮ್ಮ ಮನೆಗೇ ತಂದ್ಕೊಳ್ಳೋಣ ಅಂತಿದೀವಿ. ನಮ್ಮ ಹುಡುಗನ್ನ ನೀನು ಎತ್ತಿ ಆಡಿಸಿಲ್ವೇನೋ?"

ಹೌದು, ಎತ್ತಿ ಆಡಿಸಿದ್ದೇವೆ. ಒಳ್ಳೆಯ ಹುಡುಗ. ಆದರೂ ಆ ಕ್ಷಣಕ್ಕೆ ನಮಗೆ ಉತ್ತರ ತೋಚಲಿಲ್ಲ. "ಯೋಚನೆ ಮಾಡ್ತೀನಿ ಅಕ್ಕ" ಎಂದಷ್ಟೇ ಹೇಳಿ ಫೋನು ಇಟ್ಟೆವು.

ಮರುದಿನ ಕಛೇರಿಯಲ್ಲಿ ಊಟದ ಹೊತ್ತಿಗೆ ಈ ಮಾತು ಬಂತು. ಪಕ್ಕದ ಮೇಜಿನ ಉತ್ತರ ಪ್ರದೇಶದ ಮಿತ್ರರು ಚಪಾತಿಯನ್ನು ಅರ್ಧಕ್ಕೇ ಬಿಟ್ಟು ಕಣ್ಣರಳಿಸಿದರು. "ಅಕ್ಕನ ಮಗ ಎಂದರೆ ನಿಮ್ಮ ಮಗಳಿಗೆ ಅಣ್ಣನಲ್ಲವೆ? ಅಣ್ಣ ತಂಗಿಗೆ ಮದುವೆಯೆ?" ಎದುರಿಗಿದ್ದ ಮರಾಠಿ ಮಿತ್ರರು ನಮ್ಮ ನೆರವಿಗೆ ಬಂದರು. "ಅದರಲ್ಲೇನು? ನಮ್ಮಲ್ಲೂ ಮಾಮಾನ ಮಗಳನ್ನು ತರುತ್ತಾರೆ. ಆದರೆ ನಿಮ್ಮ ಕಡೆ ಅಕ್ಕನ ಮಗಳನ್ನೇ ಮದುವೆಯಾಗುತ್ತಾರಂತಲ್ಲ, ಅದು ಮಾತ್ರ ನಮಗೆ ಅರ್ಥವಾಗದು" ಎಂದರು. ನಾವು ಸುಮ್ಮನೆ ಮಜ್ಜಿಗೆ ಕುಡಿದೆವು. ನಮ್ಮ ತಂದೆತಾಯಿಯೇ ಸೋದರಮಾವ ಮತ್ತು ಅಕ್ಕನ ಮಗಳು ಎಂಬುದನ್ನು ಅಂದು ಅವರಿಗೆ ಹೇಳಲಿಲ್ಲ.

ಒಂದೇ ಊಟದ ಮೇಜಿನ ಸುತ್ತ ಮೂರು ಧರ್ಮಶಾಸ್ತ್ರಗಳು! ಇದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ತಿಳಿಯಬೇಕೆನ್ನಿಸಿ ನಾಲ್ಕಾರು ತಿಂಗಳು ಪುಸ್ತಕಗಳನ್ನು ತಿರುವಿ ಹಾಕಿದೆವು. ತಿಳಿದುಬಂದದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ನುಡಿಯಲ್ಲೇ ಅಡಗಿದ ನಂಟು

ಮೊದಲು ನಮ್ಮ ಭಾಷೆಯನ್ನೇ ನೋಡೋಣ. ತಾಯಿಯ ಅಣ್ಣತಮ್ಮಂದಿರು ನಮಗೆ ಮಾವ. ಹೆಣ್ಣು ಕೊಟ್ಟವನೂ ಮಾವ. ತಂದೆಯ ಅಕ್ಕತಂಗಿಯರು ಅತ್ತೆ. ಗಂಡನ ತಾಯಿಯೂ ಅತ್ತೆ. ಅಕ್ಕನ ಮಗ ಅಳಿಯ. ಮಗಳ ಗಂಡನೂ ಅಳಿಯ. ಸೋದರ ಸೊಸೆಯೂ ಸೊಸೆ, ಮಗನ ಹೆಂಡತಿಯೂ ಸೊಸೆ. ಆದರೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೂ ಅಣ್ಣ, ತಮ್ಮ, ಅಕ್ಕ, ತಂಗಿಯರೇ. ಅವರಲ್ಲಿ ಮದುವೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತೇವೆ. ಹಿಂದಿಯಲ್ಲಿ ಮಾಮಾ ಬೇರೆ, ಸಸುರ್ ಬೇರೆ. ಬುಆ ಬೇರೆ, ಸಾಸ್ ಬೇರೆ. ನಮ್ಮಲ್ಲಿ ಮದುವೆಗೆ ಮೊದಲೇ ಮಾವ ಮಾವನಾಗಿರುತ್ತಾನೆ. ವರಸೆ ಎಂಬ ಒಂದು ಪದದಲ್ಲಿ ಈ ಇಡೀ ಶಾಸ್ತ್ರ ಅಡಗಿದೆ.

ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಜಗತ್ತಿನ ನಾನಾ ಜನರ ಬಂಧುವಾಚಕಗಳನ್ನು ಕಲೆಹಾಕಿ ಪ್ರಕಟಿಸಿದಾಗ ಕನ್ನಡ, ತಮಿಳು, ತೆಲುಗು ನುಡಿಗಳ ಈ ಏರ್ಪಾಡು ವಿದ್ವಾಂಸರ ಗಮನ ಸೆಳೆಯಿತು. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು ಇದೇ ಮುಂಬಯಿಯ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾಗಿದ್ದಾಗ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತು ಬರೆದ ಗ್ರಂಥ 1942ರಲ್ಲಿ ಪ್ರಕಟವಾಯಿತು. 1953ರಲ್ಲಿ ಪುಣೆಯ ಇರಾವತಿ ಕರ್ವೆಯವರು ಇಡೀ ಭಾರತದ ಬಂಧುತ್ವವನ್ನು ವಿವರಿಸಿದರು. ಉತ್ತರದಲ್ಲಿ ಹೆಣ್ಣನ್ನು ದೂರದ, ಗುರುತಿಲ್ಲದ ಮನೆಗೆ ಕೊಡುವ ಪದ್ಧತಿ. ದಕ್ಷಿಣದಲ್ಲಿ ಹತ್ತಿರದ, ಬಲ್ಲ ಮನೆಗೆ ಕೊಡುವ ಪದ್ಧತಿ. ಮಹಾರಾಷ್ಟ್ರ ಇವೆರಡರ ನಡುವಿನ ಸೇತುವೆ. ನಮ್ಮ ಕಛೇರಿಯ ಊಟದ ಮೇಜಿನ ನಕಾಶೆಯೂ ಅದೇ ಅಲ್ಲವೆ?

ಕನ್ನಡಿಗರಲ್ಲೂ ಎಲ್ಲರದೂ ಒಂದೇ ದಾರಿಯಲ್ಲ. ಅಳಿಯಸಂತಾನದ ತುಳುನಾಡಿನ ಮನೆತನಗಳಲ್ಲಿ ಬಳಿ ತಾಯಿಯಿಂದ ಬರುವುದು. ಆದ್ದರಿಂದ ಅಕ್ಕನ ಮಗಳು ಸೋದರಮಾವನ ಬಳಿಯವಳೇ; ಮದುವೆಯ ಮಾತೇ ಇಲ್ಲ. ಗೋತ್ರ ತಂದೆಯಿಂದ ಬರುವ ನಮ್ಮಂಥವರ ಮನೆಗಳಲ್ಲಿ ಅಕ್ಕನ ಮಗಳು ಬೇರೆ ಗೋತ್ರದವಳು, ಆದ್ದರಿಂದ ಅಡ್ಡಿಯಿಲ್ಲ! ಮುಸಲ್ಮಾನ ಬಂಧುಗಳಲ್ಲಿ ಚಿಕ್ಕಪ್ಪನ ಮಗಳನ್ನು ತರಬಹುದು, ಅಕ್ಕನ ಮಗಳು ನಿಷಿದ್ಧ. ಒಬ್ಬರಿಗೆ ಧರ್ಮವಾದದ್ದು ಇನ್ನೊಬ್ಬರಿಗೆ ಪಾಪ.

ಶಾಸ್ತ್ರಕಾರರ ಜಗಳ

ಈ ವಾದ ಇಂದಿನದಲ್ಲ. ಕ್ರಿಸ್ತಪೂರ್ವದ್ದೆಂದು ಎಣಿಸಲಾಗುವ ಬೌಧಾಯನ ಧರ್ಮಸೂತ್ರದಲ್ಲಿ ದಕ್ಷಿಣದವರ ಐದು ವಿಚಿತ್ರ ಆಚಾರಗಳನ್ನು ಪಟ್ಟಿ ಮಾಡಿದೆ: ಉಪನಯನವಾಗದವರೊಡನೆ ಊಟ, ಹೆಂಡತಿಯೊಡನೆ ಊಟ, ತಂಗಳು ತಿನ್ನುವುದು, ಸೋದರಮಾವನ ಮಗಳನ್ನು ವರಿಸುವುದು, ಸೋದರತ್ತೆಯ ಮಗಳನ್ನು ವರಿಸುವುದು. ಉತ್ತರದವರಿಗೂ ಐದು ಆರೋಪಗಳುಂಟು: ಉಣ್ಣೆಯ ವ್ಯಾಪಾರ, ಮದ್ಯಪಾನ, ಎರಡು ಸಾಲು ಹಲ್ಲಿನ ಪ್ರಾಣಿಗಳ ಮಾರಾಟ, ಆಯುಧ ವೃತ್ತಿ, ಸಮುದ್ರಯಾನ. ಅವರವರ ನಾಡಿನಲ್ಲಿ ಅವರವರ ಆಚಾರ ದೋಷವಲ್ಲ ಎಂಬುದು ಬೌಧಾಯನನ ಮಾತು. ಗೌತಮನು ಹಾಗಲ್ಲವೆನ್ನುತ್ತಾನೆ ಎಂದೂ ಅವನೇ ಸೇರಿಸುತ್ತಾನೆ. ಏಳನೆಯ ಶತಮಾನದ ಸುಮಾರಿಗೆ ಕುಮಾರಿಲ ಭಟ್ಟನು ಸೋದರಮಾವನ ಮಗಳು ಸಿಕ್ಕರೆ ದಕ್ಷಿಣದವರಿಗಾಗುವ ಸಂತೋಷವನ್ನು ಕೊಂಚ ವ್ಯಂಗ್ಯವಾಗಿಯೇ ಪ್ರಸ್ತಾಪಿಸಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಪರಾಶರಮಾಧವೀಯದಲ್ಲಿ ಮಾವನ ಮಗಳ ಮದುವೆಯನ್ನು ಶ್ರುತಿ ಸ್ಮೃತಿಗಳ ಆಧಾರದಿಂದ ಸಮರ್ಥಿಸಿದರು.

ಇವರಿಬ್ಬರ ನಡುವಿನ ಕಾಲದಲ್ಲಿ ಕನ್ನಡ ನಾಡಿನಲ್ಲೇ ಒಂದು ದೊಡ್ಡ ಮಾತು ಹುಟ್ಟಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದ. ಸಪಿಂಡರೆಂದರೆ ಯಾರು? ಶ್ರಾದ್ಧದ ಪಿಂಡದಲ್ಲಿ ಪಾಲುಳ್ಳವರು ಎಂಬುದು ಬಂಗಾಳದ ಜೀಮೂತವಾಹನನ ಪಕ್ಷ. ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಎಂಬುದು ವಿಜ್ಞಾನೇಶ್ವರನ ಪಕ್ಷ. ಮಗನಲ್ಲಿ ತಂದೆಯ ಅಂಶ, ಅವನ ಮೂಲಕ ತಾತನ ಅಂಶ. ತಾಯಿಯ ಕಡೆಯೂ ಹಾಗೆಯೇ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ ನಮಗೆ ಈ ವಿವರಣೆಯನ್ನು ಕಂಡಾಗ ರೋಮಾಂಚನವಾಯಿತು. ಅವನಿಗೆ ವಂಶವಾಹಿಗಳ ವಿಷಯ ತಿಳಿದಿತ್ತೆಂದು ನಾವು ಹೇಳುತ್ತಿಲ್ಲ. ಅಂಥ ಜಂಭ ಬೇಡ. ಆದರೆ ರಕ್ತಸಂಬಂಧವೆಂದರೆ ದೇಹದ ಮಾತು ಎಂದು ಅವನು ಹಿಡಿದದ್ದು ಸರಿಯಾದ ಎಳೆ.

ಅರಮನೆಗಳಲ್ಲಿ

ಪುರಾಣಗಳಲ್ಲಿ ಅರ್ಜುನನು ಸುಭದ್ರೆಯನ್ನು ವರಿಸಿದ. ಅವಳು ಕುಂತಿಯ ಸೋದರ ವಸುದೇವನ ಮಗಳು. ಅಭಿಮನ್ಯುವಿಗೆ ಬಲರಾಮನ ಮಗಳನ್ನು ತಂದುಕೊಳ್ಳುವ ಶಶಿರೇಖೆಯ ಕಥೆಯಂತೂ ವ್ಯಾಸಭಾರತದಲ್ಲಿಲ್ಲ; ಅದು ನಮ್ಮ ದಕ್ಷಿಣದ ಜನ ತಮಗೆ ಬೇಕಾದಂತೆ ಸೇರಿಸಿಕೊಂಡದ್ದು.

ಇತಿಹಾಸದಲ್ಲೂ ಸಾಕ್ಷಿಗಳುಂಟು. ಮೂರನೆಯ ಶತಮಾನದಲ್ಲಿ ನಾಗಾರ್ಜುನಕೊಂಡದ ಇಕ್ಷ್ವಾಕು ದೊರೆ ವೀರಪುರುಷದತ್ತನ ರಾಣಿಯರಲ್ಲಿ ಅವನ ಸೋದರತ್ತೆಯ ಮಕ್ಕಳಿದ್ದರೆಂದು ಅಲ್ಲಿನ ಶಾಸನಗಳಿಂದ ತಿಳಿಯುತ್ತದೆ. ನಮ್ಮ ಮಾನ್ಯಖೇಟದ ರಾಷ್ಟ್ರಕೂಟರು ಚೇದಿಯ ಕಲಚುರಿಗಳಿಂದ ಮತ್ತೆ ಮತ್ತೆ ಹೆಣ್ಣು ತಂದರು. ಎರಡನೆಯ ಕೃಷ್ಣನ ರಾಣಿ ಕಲಚುರಿ ಕೊಕ್ಕಲ್ಲನ ಮಗಳು. ಅವನ ಮಗ ಜಗತ್ತುಂಗನ ರಾಣಿ ಲಕ್ಷ್ಮಿ ಅದೇ ಕೊಕ್ಕಲ್ಲನ ಮೊಮ್ಮಗಳು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ವೇಂಗಿಯ ಕಥೆ. ಅಲ್ಲಿನ ಪೂರ್ವ ಚಾಲುಕ್ಯರು ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನ ವಂಶದವರು. ಆ ವಂಶದ ವಿಮಲಾದಿತ್ಯನು ರಾಜರಾಜ ಚೋಳನ ಮಗಳು ಕುಂದವೈಯನ್ನು ಮದುವೆಯಾದ. ಅವರ ಮಗ ರಾಜರಾಜ ನರೇಂದ್ರನು ಸೋದರಮಾವ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿಯನ್ನು ತಂದ. ಅವರ ಮಗನೂ ತನ್ನ ಸೋದರಮಾವ ಎರಡನೆಯ ರಾಜೇಂದ್ರನ ಮಗಳು ಮಧುರಾಂತಕಿಯನ್ನೇ ಮದುವೆಯಾದ. ಕೊನೆಗೆ 1070ರಲ್ಲಿ ಆ ಮಗನೇ ಕುಲೋತ್ತುಂಗನೆಂಬ ಹೆಸರಿನಿಂದ ಚೋಳ ಸಿಂಹಾಸನವನ್ನೇರಿದ! ಮೂರು ತಲೆಮಾರು ಹೆಣ್ಣು ತಂದದ್ದಕ್ಕೆ ರಾಜ್ಯವೇ ಬಳುವಳಿಯಾಗಿ ಬಂತು.

ರಾಜರಿಗೆ ರಾಜ್ಯ, ರೈತನಿಗೆ ನಾಲ್ಕು ಎಕರೆ ಗದ್ದೆ. ಆಸ್ತಿ ಮನೆಯಲ್ಲೇ ಉಳಿಯಲಿ, ವರದಕ್ಷಿಣೆಯ ಹೊರೆ ತಗ್ಗಲಿ, ಮಗಳು ಅತ್ತೆಯ ಮನೆಯಲ್ಲೂ ಮಗಳಂತೆಯೇ ಇರಲಿ ಎಂಬ ಆಸೆ ಕೆಟ್ಟದ್ದೇನಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇನ್ನೊಂದು ಕಾರಣವೂ ಇತ್ತು. ಮುಂಬಯಿಯ ಚಾಳಿನ ಒಂದು ಕೋಣೆಗೆ, ನೀರಿಗಾಗಿ ಸಾಲು ನಿಲ್ಲುವ ಬಾಳಿಗೆ, ಗುರುತಿಲ್ಲದವರು ಹೆಣ್ಣು ಕೊಡುತ್ತಿರಲಿಲ್ಲ. ಅಕ್ಕನೋ ಮಾವನೋ ಕೊಡುತ್ತಿದ್ದರು. ಊರಿನೊಡನೆ ನಮ್ಮ ದಾರ ಕಡಿಯದಂತೆ ಹಿಡಿದದ್ದು ಎಷ್ಟೋ ಮನೆಗಳಲ್ಲಿ ಈ ಸೋದರಿಕೆಯೇ.

ವಿಜ್ಞಾನದ ಲೆಕ್ಕ

ಹತ್ತಿರದ ಮದುವೆ ನಮ್ಮ ದೇಶಕ್ಕೇ ಮೀಸಲಲ್ಲ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನೇ 1839ರಲ್ಲಿ ತನ್ನ ಸೋದರಮಾವನ ಮಗಳು ಎಮ್ಮಾಳನ್ನು ಮದುವೆಯಾದ. ಹತ್ತು ಮಕ್ಕಳಲ್ಲಿ ಮೂವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಆ ಕೊರಗಿನಲ್ಲಿ ಅವನು 1871ರ ಬ್ರಿಟಿಷ್ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಲು ಪ್ರಯತ್ನಪಟ್ಟ, ಪಾರ್ಲಿಮೆಂಟು ಒಪ್ಪಲಿಲ್ಲ. ಮಗ ಜಾರ್ಜ್ ಡಾರ್ವಿನ್ 1875ರಲ್ಲಿ ತಾನೇ ಲೆಕ್ಕ ಹಾಕಿ, ಅಪಾಯ ಜನ ಭಯಪಡುವಷ್ಟು ದೊಡ್ಡದಲ್ಲ ಎಂದ. ಇನ್ನೊಂದು ತುದಿಯಲ್ಲಿ ಸ್ಪೇನಿನ ಹ್ಯಾಬ್ಸ್‌ಬರ್ಗ್ ಅರಸರು. ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾಗಿ, ಕೊನೆಯ ದೊರೆ ಎರಡನೆಯ ಚಾರ್ಲ್ಸ್ ಹುಟ್ಟಿನಿಂದ ರೋಗಿಯಾಗಿದ್ದು, 1700ರಲ್ಲಿ ಮಕ್ಕಳಿಲ್ಲದೆ ಸತ್ತ. ಅವನ ತಂದೆತಾಯಿಯೂ ಸೋದರಮಾವ ಮತ್ತು ಅಕ್ಕತಂಗಿಯ ಮಗಳೇ.

ಕಾರಣ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆಯ ಮಕ್ಕಳ ತಂದೆತಾಯಿಗಳು ಅನೇಕ ವೇಳೆ ಹತ್ತಿರದ ಬಂಧುಗಳೆಂಬುದನ್ನು ಗಮನಿಸಿದ. ಆಗಷ್ಟೇ ಮತ್ತೆ ಬೆಳಕಿಗೆ ಬಂದಿದ್ದ ಮೆಂಡೆಲನ ಬಟಾಣಿಯ ನಿಯಮ ಮನುಷ್ಯನಿಗೂ ಅನ್ವಯಿಸಿತು.

ಸರಳವಾಗಿ ಹೇಳುವುದಾದರೆ ಹೀಗೆ. ಪ್ರತಿಯೊಂದು ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿರುತ್ತದೆ. ಒಂದು ತಂದೆಯದು, ಒಂದು ತಾಯಿಯದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಇಂಥ ಕೆಲವು ಕೆಟ್ಟ ಪ್ರತಿಗಳು ನಮ್ಮೆಲ್ಲರಲ್ಲೂ ಅಡಗಿರುತ್ತವೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇದ್ದರೆ ಮಾತ್ರ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಹೊರಗಿನವರಲ್ಲಿ ಅದೇ ಪ್ರತಿ ಇರುವುದು ಅಪರೂಪ. ಆದರೆ ಒಬ್ಬ ಅಜ್ಜಿಯಿಂದ ಇಳಿದು ಬಂದ ಪ್ರತಿ ಸೋದರಮಾವನ ಮಗಳಲ್ಲಿ ಇರುವ ಸಂಭವ ಎಂಟರಲ್ಲಿ ಒಂದು. ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು. ಅಂದರೆ ಅಕ್ಕನ ಮಗಳ ಮದುವೆಯಲ್ಲಿ ಅಪಾಯ ಇಮ್ಮಡಿ. ಹುಟ್ಟು ಕಿವುಡು, ಕೆಲವು ಬಗೆಯ ಕುರುಡು, ರಕ್ತದ ಥಲಸ್ಸೀಮಿಯಾ, ಆಹಾರ ಮೈಗೆ ಹತ್ತದೆ ಮೆದುಳು ಕುಗ್ಗಿಸುವ ಕೆಲವು ಕಾಯಿಲೆಗಳು ಈ ದಾರಿಯಲ್ಲೇ ಬರುತ್ತವೆ.

ಹಾಗೆಂದು ಹೆದರಿಸುವುದೂ ತಪ್ಪು. ಸಾಮಾನ್ಯ ದಂಪತಿಗಳ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೋಷವಿರುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಸುಮಾರು 11 ಸಾವಿರ ಮಕ್ಕಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ದೊಡ್ಡಪ್ಪ, ಅತ್ತೆ, ಮಾವಂದಿರ ಮಕ್ಕಳ ನಡುವಿನ ಮದುವೆಗಳಲ್ಲಿ ಈ ಪ್ರಮಾಣ ಸುಮಾರು ಮೂರರಿಂದ ಆರಕ್ಕೆ ಏರಿತ್ತು. ಅಪಾಯ ಇಮ್ಮಡಿಯಾಯಿತು ಎನ್ನಬಹುದು. ನೂರರಲ್ಲಿ ತೊಂಬತ್ನಾಲ್ಕು ಮಕ್ಕಳು ಚೆನ್ನಾಗಿಯೇ ಹುಟ್ಟಿದರು ಎಂದೂ ಹೇಳಬಹುದು. ಎರಡೂ ಸತ್ಯ.

ನಮ್ಮ ನಾಡಿನ ಮಾತು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಸಾವಿರಾರು ಹಸುಗೂಸುಗಳ ರಕ್ತಪರೀಕ್ಷೆ ನಡೆದಾಗ, ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳೆಂದು ಕಂಡುಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂಥ ಮದುವೆಗಳು ಶೇಕಡಾ 11. ತಮಿಳುನಾಡಿನಲ್ಲಿ 28, ಕರ್ನಾಟಕದಲ್ಲಿ 27. ಕಾನೂನೂ ದಾರಿ ಬಿಟ್ಟಿದೆ. 1955ರ ಹಿಂದೂ ವಿವಾಹ ಕಾಯಿದೆಯು ಸಪಿಂಡದ ಹಳೆಯ ಏಳು ಐದು ತಲೆಮಾರುಗಳ ಮಿತಿಯನ್ನು ತಂದೆಯ ಕಡೆ ಐದಕ್ಕೆ, ತಾಯಿಯ ಕಡೆ ಮೂರಕ್ಕೆ ಇಳಿಸಿ, ಎರಡೂ ಕಡೆಯ ರೂಢಿ ಒಪ್ಪಿದರೆ ಅದೂ ಅಡ್ಡಿಯಲ್ಲ ಎಂದಿತು.

ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಮಾವನ ಮಗಳನ್ನು ಬಿಟ್ಟು ಅದೇ ಸಣ್ಣ ಒಳಪಂಗಡದಲ್ಲೇ ಹೆಣ್ಣು ಹುಡುಕಿದರೆ ಅಪಾಯ ಪೂರ್ತಿ ತಪ್ಪಿದಂತಲ್ಲ. ಎಷ್ಟೋ ತಲೆಮಾರುಗಳಿಂದ ಒಳಗೇ ಮದುವೆಯಾದ ಗುಂಪಿನಲ್ಲಿ ಎಲ್ಲರೂ ದೂರದ ದಾಯಾದಿಗಳೇ. ಆಂಧ್ರದ ಒಂದು ವರ್ತಕ ಸಮುದಾಯದಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧ ಬೇಗ ಇಳಿಯದೆ ತೊಂದರೆಯಾಗುವುದಕ್ಕೆ ಇಂಥ ಆನುವಂಶಿಕ ಕಾರಣವೇ ಕಂಡುಬಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲುನೋವಿನ ಕಾಯಿಲೆಯನ್ನು ಮೊದಲು ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಹೊರಿಸಲಾಯಿತು. ಆಮೇಲೆ ಅದು ವಂಶದಲ್ಲಿ ಹರಿಯುವುದೆಂದು ತಿಳಿಯಿತು. ಅಲ್ಲಿ ಒಬ್ಬರ ಕೆಟ್ಟ ಪ್ರತಿಯೇ ಸಾಕು. ಎಲ್ಲ ಆನುವಂಶಿಕ ರೋಗಕ್ಕೂ ಸೋದರಿಕೆಯೇ ಕಾರಣವಲ್ಲ.

ನಮ್ಮ ಮನೆಯ ಲೆಕ್ಕ

ಈಗ ನಮ್ಮ ಮನೆಯ ಮಾತು. ನಮ್ಮ ಅಮ್ಮನಿಗೆ ಹದಿನಾರು ವಯಸ್ಸಿಗೆ ಮದುವೆ. ಗಂಡ ಹದಿಮೂರು ವರ್ಷ ದೊಡ್ಡವರಾದ ಸೋದರಮಾವ. "ಬೇಡ" ಎನ್ನುವ ಅವಕಾಶ ಅವಳಿಗಿರಲಿಲ್ಲ. ಎಂದಿದ್ದರೆ ತಾಯಿಯ ತೌರೇ ಮುರಿದುಹೋಗುತ್ತಿತ್ತು. ನಾಲ್ವರು ಮಕ್ಕಳಲ್ಲಿ ಮೂವರು ಸರಿಯಾಗಿದ್ದೇವೆ. ಕಿರಿಯ ತಮ್ಮ ಹುಟ್ಟು ಕಿವುಡ. ಆದ್ದರಿಂದ ಮಾತೂ ಬರಲಿಲ್ಲ. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದರಿಂದ ಹೀಗಾಯಿತು ಎಂದು ಅಜ್ಜಿ ಹೇಳಿದರು. ಊರೂ ಹಾಗೆಯೇ ಹೇಳಿತು. ನಲವತ್ತು ವರ್ಷ ಅಮ್ಮ ಆ ತಪ್ಪನ್ನು ಹೊತ್ತುಕೊಂಡೇ ಬದುಕಿದಳು. ಸೋದರಿಕೆಯ ಸಾಮಾಜಿಕ ಪರಿಣಾಮ ಎಂದರೆ ನಮಗೆ ಮೊದಲು ನೆನಪಾಗುವುದು ಇದೇ: ಇಬ್ಬರಿಂದಲೂ ಬಂದ ದೋಷಕ್ಕೆ ಒಬ್ಬಳೇ ಹೊಣೆ.

ಅಕ್ಕನ ಫೋನು ಬಂದ ಮೇಲೆ ಇಲ್ಲಿನ ಆಸ್ಪತ್ರೆಯೊಂದರ ಆನುವಂಶಿಕ ಸಲಹೆಯ ವೈದ್ಯರನ್ನು ಕಂಡೆವು. ತಮ್ಮನ ಕಿವುಡು ಬಹುಶಃ ಎರಡೂ ಕಡೆಯಿಂದ ಬಂದದ್ದು, ಪರೀಕ್ಷೆಯಿಂದ ಖಚಿತವಾಗಬಹುದು ಎಂದರು. ಹಾಗಿದ್ದಲ್ಲಿ ಲೆಕ್ಕ ಇದು: ಅಕ್ಕನಲ್ಲಿ ಆ ಪ್ರತಿ ಇರುವ ಸಂಭವ ಮೂರರಲ್ಲಿ ಎರಡು, ನಮ್ಮಲ್ಲೂ ಅಷ್ಟೇ. ಅಕ್ಕನ ಮಗನಲ್ಲಿ ಮೂರರಲ್ಲಿ ಒಂದು, ನಮ್ಮ ಮಗಳಲ್ಲೂ ಮೂರರಲ್ಲಿ ಒಂದು. ಇಬ್ಬರಲ್ಲೂ ಇರುವುದು ಒಂಬತ್ತರಲ್ಲಿ ಒಂದು. ಮಗುವಿಗೆ ಬರುವುದು ಮೂವತ್ತಾರರಲ್ಲಿ ಒಂದು. ಹೊರಗಿನವರನ್ನು ಮದುವೆಯಾದರೆ ಅದು ಬಲು ಕಡಿಮೆ.

ಮೂವತ್ತಾರರಲ್ಲಿ ಒಂದು ಎಂಬುದು ದೊಡ್ಡದೋ ಚಿಕ್ಕದೋ? ಅದನ್ನು ನಾವು ನಿರ್ಧರಿಸಲಿಲ್ಲ. ಕಾಗದದ ಮೇಲೆ ಬರೆದು ಮಗಳ ಮುಂದಿಟ್ಟೆವು. ಅವಳು ಕಾಗದ ನೋಡುವ ಮೊದಲೇ, "ಅಪ್ಪ, ಬೇಸಿಗೆ ರಜದಲ್ಲಿ ಒಟ್ಟಿಗೆ ಮಾವಿನಕಾಯಿ ಕದ್ದವನು ಅವನು. ನನಗೆ ಅವನು ಅಣ್ಣನೇ. ಈ ಲೆಕ್ಕ ಬೇಕಾಗಿಯೇ ಇಲ್ಲ" ಎಂದಳು. ವರಸೆಯ ಪ್ರಕಾರ ಅವನು ಅಣ್ಣನಲ್ಲ, ಭಾವ. ಆದರೆ ಮುಂಬಯಿಯಲ್ಲಿ ಬೆಳೆದ ಮಕ್ಕಳ ನುಡಿಯಲ್ಲಿ ಆ ಭೇದ ಅಳಿಸಿಹೋಗಿದೆ. ಕಛೇರಿಯ ಉತ್ತರದ ಮಿತ್ರರ ಮಾತನ್ನೇ ನಮ್ಮ ಮನೆಯಲ್ಲಿ ನಮ್ಮ ಮಗಳು ಆಡಿದಳು.

ಅಕ್ಕ ಐದು ತಿಂಗಳು ಫೋನು ಮಾಡಲಿಲ್ಲ. ಕೊನೆಗೆ ನಾವೇ ಊರಿಗೆ ಹೋಗಿ ಕುಳಿತು ಅದೇ ಕಾಗದವನ್ನು ಬಿಡಿಸಿ ಹೇಳಿದೆವು. ಅಕ್ಕನ ಮುಖ ಇನ್ನೂ ಪೂರ್ತಿ ಸಡಿಲಾಗಿಲ್ಲ. ಆದರೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಅಮ್ಮ ಎಲ್ಲವನ್ನೂ ಕೇಳಿ, "ಹಾಗಾದ್ರೆ ಅವನಿಗೆ ಹಾಗಾಗಿದ್ದು ಗ್ರಹಣದಿಂದ ಅಲ್ವೇನೋ?" ಎಂದಳು. "ಅಲ್ಲಮ್ಮ. ಅಪ್ಪನಿಂದಲೂ ನಿನ್ನಿಂದಲೂ ಬಂದದ್ದು, ಯಾರ ತಪ್ಪೂ ಅಲ್ಲ" ಎಂದೆವು. ಅಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬತ್ತಿಗಳನ್ನು ಎತ್ತಿಟ್ಟು ತಮ್ಮನಿಗೆ ಕಾಫಿ ಮಾಡಲು ಎದ್ದಳು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈಗಾಗಲೇ ಸೋದರಿಕೆಯಲ್ಲಿ ಮದುವೆಯಾದವರು ಅಂಜಬೇಕಿಲ್ಲ, ನಾಚಬೇಕಿಲ್ಲ. ಗರ್ಭಿಣಿಯಾದಾಗ ವೈದ್ಯರಿಗೆ ನಂಟನ್ನು ಮುಚ್ಚಿಡದೆ ಹೇಳಿರಿ. ಹುಟ್ಟಿದ ಮಗುವಿನ ಕಿವಿ, ರಕ್ತಗಳನ್ನು ಬೇಗ ಪರೀಕ್ಷಿಸಿರಿ. ಮಾತುಕತೆ ನಡೆಯುತ್ತಿದ್ದರೆ ಮನೆತನದಲ್ಲಿ ಕಿವುಡು, ಕುರುಡು, ಎಳೆಗೂಸಿನ ಸಾವು ಇದ್ದುದನ್ನು ನೆನಪಿಸಿಕೊಂಡು, ಜಾತಕಕ್ಕೆ ಮೊದಲು ಆನುವಂಶಿಕ ಸಲಹೆ ಪಡೆಯಿರಿ. ಎಲ್ಲಕ್ಕೂ ಮೊದಲು ಹುಡುಗಿಯನ್ನು ಕೇಳಿರಿ. ಬಾಂಧವ್ಯ ಉಳಿಸಲು ಮದುವೆಯೊಂದೇ ದಾರಿಯಲ್ಲ. ಮುಂದಿನ ನಾಡಹಬ್ಬಕ್ಕೆ ಅಕ್ಕನನ್ನೂ ಅಳಿಯನನ್ನೂ ಮುಂಬಯಿಗೆ ಕರೆದಿದ್ದೇವೆ. ಬರುತ್ತೇನೆಂದು ಅಕ್ಕ ಇನ್ನೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ.